ಬಿಂದಿಗೆ ಅಂದರೆ ಏನು?

ಕೇಳುಗರೆಲ್ಲರಿಗೂ ನಮಸ್ಕಾರ.

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಂಚದ ಮೇಲೆ ದೊಡ್ಡ ಸೂಟ್‌ಕೇಸ್ ಬಾಯಿ ತೆರೆದು ಕೂತಿರುತ್ತದೆ. ಚಟ್ನಿಪುಡಿ, ಹುಳಿಪುಡಿ, ಸಣ್ಣ ಕುಕ್ಕರ್, ಸ್ವೆಟರ್. ಮಗಳೋ ಮಗನೋ ಅಮೆರಿಕಕ್ಕೆ ಓದಲು ಹೊರಟಿದ್ದಾರೆ. ಗಣಿತದ ಭಯ ಅವರಿಗಿಲ್ಲ, ಕಂಪ್ಯೂಟರಿನ ಭಯವೂ ಇಲ್ಲ. ಆದರೆ ಡಿಗ್ರಿಗೆ ಸೇರಿದವರಿಗೆ ಮೊದಲ ವರ್ಷವೇ ಇನ್ನೊಂದು ತರಗತಿ ಕಾದಿರುತ್ತದೆ. ಎಂಜಿನಿಯರಿಂಗ್ ಓದುವವರೂ ಕೂರಬೇಕು, ಸಂಗೀತ ಓದುವವರೂ ಕೂರಬೇಕು. ಬಹಳಷ್ಟು ಕಾಲೇಜುಗಳಲ್ಲಿ ಕಡ್ಡಾಯ. ಬರೆಯುವುದನ್ನು ಕಲಿಸುವ ತರಗತಿ ಅದು. ಹುಡುಗರ ಬಾಯಲ್ಲಿ ‘ಇಂಗ್ಲಿಷ್ ಒನ್ ಓ ಒನ್’, ಇಲ್ಲಾ ಬರೀ ‘ಕಾಂಪ್’, ಅಂದರೆ ಕಾಂಪೊಸಿಷನ್.

ಅಲ್ಲಿಯ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ತರಗತಿಯನ್ನು ಎಷ್ಟೋ ಸಲ ಪಿಎಚ್.ಡಿ. ಮಾಡುವವರೇ ತೆಗೆದುಕೊಳ್ಳುತ್ತಾರೆ. ಹಾಗೆ ಐದು ವರ್ಷ ನಾನೂ ಪಾಠ ಮಾಡಿದೆ. ಒಂದು ಕೋಣೆ, 20ರ ಆಸುಪಾಸು ಹುಡುಗ ಹುಡುಗಿಯರು, ಮಧ್ಯದಲ್ಲಿ ದುಂಡಗೆ ಜೋಡಿಸಿದ ಕುರ್ಚಿಗಳು. ಆ ಕೋಣೆಯಲ್ಲಿ ನಿಮ್ಮ ಮಕ್ಕಳಿಂದ ಏನನ್ನು ಬಯಸುತ್ತಾರೆ ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ.

ಈ ತರಗತಿ ಹುಟ್ಟಿದ್ದೇ ಒಂದು ಗಾಬರಿಯಿಂದ. 1874ರಲ್ಲಿ ಹಾರ್ವರ್ಡ್ ಕಾಲೇಜು ತನ್ನ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿತು. ಒಳ್ಳೆಯ ಶಾಲೆಗಳಲ್ಲಿ ಓದಿ ಬಂದವರು ತಮ್ಮದೇ ಭಾಷೆಯಲ್ಲಿ ಬರೆದದ್ದನ್ನು ನೋಡಿ ಮೇಷ್ಟ್ರುಗಳು ಕಂಗಾಲಾದರು. 1885ರಲ್ಲಿ ಮೊದಲ ವರ್ಷಕ್ಕೇ ‘ಇಂಗ್ಲಿಷ್ ಎ’ ಎಂಬ ಕೋರ್ಸು ಇಟ್ಟರು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ‘ನಮ್ಮ ಹುಡುಗಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಅವಳಿಗ್ಯಾಕೆ ಈ ಕ್ಲಾಸು?’ ಅಂತ ತಂದೆತಾಯಿ ಬೇಜಾರು ಮಾಡಿಕೊಳ್ಳುತ್ತಾರೆ. ಇಂಗ್ಲಿಷ್ ಮನೆಮಾತಾದವರಿಗೇ ಮಾಡಿದ ತರಗತಿ ಇದು. ನಿಮ್ಮ ಮಗಳ ಪಕ್ಕದಲ್ಲಿ ಕೂತಿರುವ ಅಲ್ಲಿಯ ಹುಡುಗನೂ ಅಷ್ಟೇ ಒದ್ದಾಡುತ್ತಿರುತ್ತಾನೆ.

ಹಾಗಾದರೆ ಗುರಿ ವ್ಯಾಕರಣವೇ? ಇಂಥ ತರಗತಿಗಳನ್ನು ನಡೆಸುವವರದೇ ಒಂದು ರಾಷ್ಟ್ರಮಟ್ಟದ ಸಂಘ ಅಲ್ಲಿದೆ. ಮೊದಲ ವರ್ಷದ ಕೊನೆಗೆ ವಿದ್ಯಾರ್ಥಿಗೆ ಏನು ಬರಬೇಕು ಎಂದು ಅವರು 2000ದಲ್ಲಿ ಬರೆದಿಟ್ಟರು, 2014ರಲ್ಲಿ ತಿದ್ದಿದರು. ಈಗ ಅದರಲ್ಲಿ ನಾಲ್ಕು ಭಾಗ. ಮೊದಲನೆಯದು, ಯಾರಿಗೆ, ಯಾವ ಸಂದರ್ಭದಲ್ಲಿ, ಯಾಕೆ ಬರೆಯುತ್ತಿದ್ದೇನೆ ಎಂಬ ಅರಿವು. ಆಮೇಲೆ ಓದಿ ಯೋಚಿಸುವುದು. ಆಮೇಲೆ ಬರೆದು, ತಿದ್ದಿ, ಮತ್ತೆ ಬರೆಯುವ ಅಭ್ಯಾಸ. ಕಾಗುಣಿತ, ವ್ಯಾಕರಣ, ಅಲ್ಪವಿರಾಮ ಬರುವುದು ಕೊನೆಯ ಭಾಗದಲ್ಲಿ.

ನಮ್ಮ ಮಕ್ಕಳು ಎಡವುವುದು ಆ ಮೊದಲನೆಯದರಲ್ಲಿ. ಅವರ ತಪ್ಪಲ್ಲ ಅದು. ಹತ್ತನೇ ತರಗತಿಯ ಪ್ರಬಂಧ ನೆನಪು ಮಾಡಿಕೊಳ್ಳಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೂರೂ ಗೈಡಿನಲ್ಲಿದ್ದವು. ಬಾಯಿಪಾಠ ಮಾಡಿದೆವು, ಬರೆದೆವು, ನಂಬರು ಬಂತು. ಅದನ್ನು ಓದುತ್ತಿದ್ದವರು ಒಬ್ಬರೇ, ಕೆಂಪು ಪೆನ್ನು ಹಿಡಿದವರು. ಅವರಿಗೆ ನಾವು ಹೊಸದೇನನ್ನೂ ಹೇಳಬೇಕಾಗಿರಲಿಲ್ಲ.

ಒಂದು ಸಲ ನನ್ನ ತರಗತಿಗೆ ಕೋಲಾರದ ಕಡೆಯ ಹುಡುಗಿಯೊಬ್ಬಳು ಬಂದಳು. ಜಾಣೆ. ಮೊದಲ ಕೆಲಸ ಇದು: ನಿಮಗೆ ಹತ್ತಿರದಿಂದ ಗೊತ್ತಿರುವ ಒಂದು ಸಮಸ್ಯೆಯ ಬಗ್ಗೆ ನಾಲ್ಕು ಪುಟ ಬರೆಯಿರಿ. ಅವಳು ನೀರಿನ ಬಗ್ಗೆ ಬರೆದಳು. ‘ಅನಾದಿ ಕಾಲದಿಂದಲೂ ಮನುಷ್ಯನಿಗೆ ನೀರು ಅತ್ಯಮೂಲ್ಯ’ ಎಂದು ಶುರು. ನದಿಗಳು, ನಾಗರಿಕತೆ, ಮಾಲಿನ್ಯ, ಕೊನೆಗೆ ‘ಆದ್ದರಿಂದ ನಾವೆಲ್ಲರೂ ನೀರನ್ನು ಉಳಿಸೋಣ’. ಒಂದೇ ಒಂದು ವ್ಯಾಕರಣ ತಪ್ಪಿರಲಿಲ್ಲ. ನಾನು ಕೊಟ್ಟಿದ್ದು ಸಿ ಗ್ರೇಡು.

ಮಾರನೇ ದಿನ ಆಫೀಸ್ ಅವರ್ಸ್‌ಗೆ ಬಂದಳು. ಆಫೀಸ್ ಅವರ್ಸ್ ಅಂದರೆ ಮೇಷ್ಟ್ರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ವಿದ್ಯಾರ್ಥಿಗಳಿಗೆಂದೇ ಕಾಯುವ ಹೊತ್ತು. ನಮ್ಮ ಮಕ್ಕಳು ಅಲ್ಲಿಗೆ ಹೋಗುವುದೇ ಕಡಿಮೆ. ಹೋದರೆ ದಡ್ಡರು ಅಂದುಕೊಳ್ಳುತ್ತಾರೇನೋ ಎಂಬ ಅಳುಕು. ದಯವಿಟ್ಟು ಹೋಗಿ. ಮೊದಲ ವಾರವೇ ಹೋಗಿ. ಅಲ್ಲಿ ಮೇಷ್ಟ್ರನ್ನು ಹೆಸರು ಹಿಡಿದು ಕರೆಯುವುದೂ ಉಂಟು. ನಾಲಿಗೆ ಏಳದಿದ್ದರೆ ‘ಪ್ರೊಫೆಸರ್’ ಅನ್ನಿ, ಸಾಕು.

ಅವಳ ಕಣ್ಣು ತುಂಬಿತ್ತು. ‘ಏನು ತಪ್ಪಿದೆ ಮೇಡಂ?’ ಅಂದಳು. ನಾನು ಕೇಳಿದೆ: ‘ನೀರು ಅಮೂಲ್ಯ ಅಂದರೆ ಅಲ್ಲ ಅನ್ನೋರು ಯಾರಾದರೂ ಇದ್ದಾರಾ? ಯಾರೂ ತಕರಾರು ಮಾಡದ ಮಾತಿಗೆ ನಾಲ್ಕು ಪುಟ ಯಾಕಮ್ಮಾ? ನಿಮ್ಮ ಮನೆಯಲ್ಲಿ ನೀರು ಹೇಗೆ ಬರುತ್ತೆ, ಅದು ಹೇಳು.’

ಆಗ ಮಾತು ಶುರುವಾಯಿತು. ಅವರ ಬೀದಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಯಾವ ಹೊತ್ತಿಗೆ ಅಂತ ಹೇಳುವವರಿಲ್ಲ. ಒಮ್ಮೊಮ್ಮೆ ರಾತ್ರಿ ಎರಡು ಗಂಟೆಗೆ. ಅವಳಮ್ಮ ನಲ್ಲಿಯನ್ನು ತಿರುಗಿಸಿಟ್ಟು, ಕೆಳಗೆ ಒಂದು ಖಾಲಿ ಸ್ಟೀಲ್ ತಟ್ಟೆ ಇಟ್ಟು ಮಲಗುತ್ತಾರೆ. ಮೊದಲ ಹನಿ ಬಿದ್ದ ಸದ್ದಿಗೆ ಎಚ್ಚರವಾಗಬೇಕು. ಸಂಪು ತುಂಬಿ, ಡ್ರಮ್ಮು ತುಂಬಿ, ಕುಡಿಯುವ ನೀರನ್ನು ಬಿಂದಿಗೆಗಳಿಗೆ ಶೋಧಿಸಿ ಮುಗಿಸುವಷ್ಟರಲ್ಲಿ ಬೆಳಗಾಗುತ್ತದೆ. ಆಮೇಲೆ ಅಡುಗೆ, ಆಮೇಲೆ ಅಂಗನವಾಡಿ ಕೆಲಸ.

ಆ ತಟ್ಟೆಯ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ‘ಇದು ನಿನ್ನ ಪ್ರಬಂಧದಲ್ಲಿ ಯಾಕಿಲ್ಲ?’ ಅಂದೆ. ‘ಇದನ್ನೆಲ್ಲ ಬರೀಬಹುದಾ ಮೇಡಂ?’ ಎಂದು ಕೇಳಿದಳು.

ಬರೆಯಬಹುದು. ಬರೆಯಲೇಬೇಕು. ಆದರೆ ಅಷ್ಟೇ ಸಾಲದು. ಪ್ರಬಂಧದ ಮುಖ್ಯ ವಾದಕ್ಕೆ ಅಲ್ಲಿ ಥೀಸಿಸ್ ಅನ್ನುತ್ತಾರಲ್ಲ, ಅದು ಹುಟ್ಟುವುದು ಇಲ್ಲಿ. ಎರಡು ವಾರ ಓದಿದಳು, ಊರಿಗೆ ಫೋನ್ ಮಾಡಿ ಅಕ್ಕಪಕ್ಕದವರನ್ನು ಕೇಳಿದಳು, ಹೊಡೆದು ಹಾಕಿ ಮತ್ತೆ ಬರೆದಳು. ಮೂರನೇ ಕರಡಿನಲ್ಲಿ ಅವಳ ವಾದ ಹೀಗಿತ್ತು: ನೀರು ಒಂದು ಹನಿ ಜಾಸ್ತಿ ಬಿಡದಿದ್ದರೂ ಸರಿ, ಬಿಡುವ ಹೊತ್ತನ್ನು ಹಿಂದಿನ ದಿನವೇ ತಿಳಿಸಿದರೆ ಬೀದಿಯ ಹೆಂಗಸರಿಗೆ ಒಂದು ರಾತ್ರಿಯ ನಿದ್ದೆ ಉಳಿಯುತ್ತದೆ. ಇದನ್ನು ಒಪ್ಪದವರು ಇರಬಹುದು. ಕರೆಂಟ್ ಯಾವಾಗ ಇರುತ್ತೋ ಆಗ ತಾನೇ ಪಂಪು ಓಡಿಸುವುದು ಅನ್ನಬಹುದು. ಆ ಮಾತಿಗೂ ಅವಳು ಉತ್ತರ ಹುಡುಕಬೇಕಾಯಿತು. ನಾಲ್ಕು ಪುಟ ಸಾಲಲಿಲ್ಲ.

ಕರಡು ಎಂಬ ಮಾತು ಬಂತಲ್ಲ. ನಮ್ಮ ಮಕ್ಕಳಿಗೆ ಅತಿ ಕಷ್ಟ ಎನಿಸುವುದು ಇದೇ. ನಮಗೆ ರಫ್ ಕಾಪಿ, ಫೇರ್ ಕಾಪಿ ಗೊತ್ತು. ರಫ್‌ನಲ್ಲಿರುವುದನ್ನೇ ದುಂಡಗೆ ಬರೆದರೆ ಫೇರ್. ಅಲ್ಲಿ ಎರಡನೇ ಕರಡು ಮೊದಲನೆಯದರ ಹಾಗಿದ್ದರೆ ಕೆಲಸ ಆಗಿಲ್ಲ ಅಂತಲೇ ಅರ್ಥ. ಬರೆಯುವುದಕ್ಕೆ ಮೊದಲೇ ಎಲ್ಲ ಹೊಳೆದಿರಬೇಕು ಎಂದು ಕಾದು ಕೂರುವವರಿಗೆ ಪೀಟರ್ ಎಲ್ಬೊ ಎಂಬ ಮೇಷ್ಟ್ರು ಒಂದು ದಾರಿ ತೋರಿಸಿದರು. ಹತ್ತು ನಿಮಿಷ ಪೆನ್ನು ನಿಲ್ಲಿಸದೆ ಬರೆಯುತ್ತಾ ಹೋಗು. ತಿದ್ದಬೇಡ, ಹಿಂದಿರುಗಿ ನೋಡಬೇಡ. ಎಲ್ಬೊ ತಾವೇ ಬರೆಯಲಾಗದೆ ಹಾರ್ವರ್ಡ್‌ನ ಪಿಎಚ್.ಡಿ. ಅರ್ಧಕ್ಕೆ ಬಿಟ್ಟವರು, ಆಮೇಲೆ ಬೇರೆ ಕಡೆ ಮುಗಿಸಿದರು. ಆ ನೋವು ಉಂಡವರ ಮಾತಾದ್ದರಿಂದ ನನಗೆ ಅದರ ಮೇಲೆ ನಂಬಿಕೆ. ಕನ್ನಡದಲ್ಲೇ ಶುರು ಮಾಡಿ, ತೊಂದರೆಯಿಲ್ಲ. ಯೋಚನೆ ಯಾವ ಭಾಷೆಯಲ್ಲಿ ಬರುತ್ತೋ ಆ ಭಾಷೆಯಲ್ಲಿ ಬರಲಿ.

ತಪ್ಪುಗಳ ಬಗ್ಗೆಯೂ ಒಂದು ಮಾತು. 1970ರಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಕಾಲೇಜುಗಳು ಊರಿನ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆದವು. ಬಡವರ ಮಕ್ಕಳು, ವಲಸೆ ಬಂದವರ ಮಕ್ಕಳು ತುಂಬಿಕೊಂಡರು. ಇವರಿಗೆ ಬರೆಯಲು ಬರುವುದೇ ಇಲ್ಲ ಎಂದು ಕೈಚೆಲ್ಲಿದವರು ಬಹಳ. ಅಲ್ಲಿ ಪಾಠ ಮಾಡುತ್ತಿದ್ದ ಮಿನಾ ಶಾನೆಸಿ ಎಂಬಾಕೆ ಹೊಸದಾಗಿ ಸೇರಿದವರನ್ನು ಯಾವ ತರಗತಿಗೆ ಹಾಕಬೇಕೆಂದು ನೋಡಲು ಬರೆಸಿದ ಸುಮಾರು 4,000 ಪ್ರಬಂಧಗಳನ್ನು ಕೂತು ಓದಿದರು. ಒಂದೊಂದು ತಪ್ಪಿನ ಹಿಂದೆಯೂ ಬರೆದವರ ಒಂದು ಲೆಕ್ಕಾಚಾರ ಇದೆ ಎಂದು 1977ರಲ್ಲಿ ಪುಸ್ತಕ ಬರೆದು ತೋರಿಸಿದರು. ತಪ್ಪು ಮಾಡಿದ ಮಗುವಿಗೂ ತಲೆ ಓಡುತ್ತಿದೆ ಎಂದು ನಂಬಿ ಓದುವುದು, ಅದು ದೊಡ್ಡ ಗುಣ. ಇಂಥ ಒಬ್ಬ ಮೇಷ್ಟ್ರು ಸಿಕ್ಕಿದರೆ ನಿಮ್ಮ ಮಕ್ಕಳು ಪುಣ್ಯ ಮಾಡಿದ್ದರು.

ಆದರೆ ಒಂದು ವಿಷಯದಲ್ಲಿ ಯಾರೂ ಬಿಡುವುದಿಲ್ಲ. ಬೇರೆಯವರ ಮಾತನ್ನು ಹೆಸರು ಹೇಳದೆ ತಂದು ಹಾಕಬಾರದು. ನೋಟ್ಸಿನಲ್ಲಿದ್ದದ್ದನ್ನು ಹಾಗೇ ಇಳಿಸಿದರೆ ನಮ್ಮಲ್ಲಿ ಭೇಷ್ ಅನ್ನುತ್ತಿದ್ದರು. ಅಲ್ಲಿ ಅದಕ್ಕೆ ಫೇಲ್ ಮಾಡುತ್ತಾರೆ, ಕೆಲವೊಮ್ಮೆ ಕಾಲೇಜಿನಿಂದಲೇ ಹೊರಗೆ ಕಳಿಸುತ್ತಾರೆ. ಯಾರ ಮಾತು, ಯಾವ ಪುಟ, ಅಷ್ಟು ಬರೆದಿಟ್ಟುಕೊಂಡರೆ ಭಯವಿಲ್ಲ. ಚಾಟ್‌ಜಿಪಿಟಿ ಬಳಸಬಹುದೇ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ನಿಯಮ. ಮೊದಲ ದಿನ ಕೊಡುವ ಸಿಲಬಸ್‌ನಲ್ಲಿ ಬರೆದಿರುತ್ತಾರೆ, ಸಾಲು ಸಾಲಾಗಿ ಓದಿ.

ಮತ್ತೆ ಆ ಹುಡುಗಿಗೆ ಬರುತ್ತೇನೆ. ಕರಡನ್ನು ಸಹಪಾಠಿಗಳು ಓದಿ ಅಭಿಪ್ರಾಯ ಹೇಳುವ ಒಂದು ದಿನ ಇರುತ್ತದೆ. ಅಯೋವಾ ಕಡೆಯ, ಮುಸುಕಿನ ಜೋಳ ಬೆಳೆಯುವ ಮನೆಯ ಹುಡುಗನೊಬ್ಬ ಅವಳ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ: ‘ಬಿಂದಿಗೆ ಅಂದರೆ ಏನು? ತುಂಬಿದರೆ ಎಷ್ಟು ಭಾರ? ನಿನ್ನ ಅಮ್ಮ ಒಂದು ಸಲಕ್ಕೆ ಎಷ್ಟು ಹೊರುತ್ತಾರೆ?’

ಅದನ್ನು ನೋಡಿ ಅವಳು ಸುಮ್ಮನೆ ಕೂತಳು. ಅವಳು ಬರೆದದ್ದರ ಬಗ್ಗೆ, ನಂಬರು ಹಾಕುವವರಲ್ಲದ ಒಬ್ಬರು, ನಿಜವಾಗಿ ತಿಳಿಯಬೇಕೆಂದು ಕೇಳಿದ್ದು ಅದೇ ಮೊದಲಂತೆ. ರಾತ್ರಿ ಕೂತು ಎರಡು ವಾಕ್ಯ ಸೇರಿಸಿದಳು. ಬಿಂದಿಗೆಯ ಕತ್ತು, ಅದು ಸೊಂಟದ ಮೇಲೆ ಕೂರುವ ಬಗೆ, ಅದರ ತೂಕ.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮತ್ತೆ ನನ್ನ ಕೋಣೆಗೆ ಬಂದಳು. ‘ಮೇಡಂ, ಇದನ್ನ ಅಮ್ಮನಿಗೆ ಕನ್ನಡದಲ್ಲಿ ಬರೆದು ಕಳಿಸ್ತೀನಿ, ಒಂದ್ಸಲ ನೋಡ್ತೀರಾ?’ ಅಂದಳು. ನನ್ನ ಮೇಜಿನ ಎದುರೇ ಕೂತು ಬರೆದಳು. ಅರ್ಧ ಗಂಟೆಯಾದ ಮೇಲೆ ಆ ಎರಡು ವಾಕ್ಯ ಬಂದವು. ಒಂದು ಕ್ಷಣ ನೋಡಿದಳು. ‘ಅಮ್ಮಂಗೆ ಇದು ಬೇಡ ಅಲ್ವಾ?’ ಎಂದು ಬಿಟ್ಟುಬಿಟ್ಟಳು. ಆ ಜಾಗದಲ್ಲಿ, ಕೈಗೆ ಸಿಗುವ ದೂರದಲ್ಲಿ ತಾನಿಲ್ಲದ ಮೇಲೆ ರಾತ್ರಿ ಡ್ರಮ್ಮಿನ ಮುಚ್ಚಳ ಎತ್ತಿಕೊಡುವವರು ಯಾರು ಎಂದು ಕೇಳಿ ಬರೆದಳು.

ನಮಸ್ಕಾರ.