ಏಳೂವರೆ ಪಂದ್ಯ, ಮಂಡ್ಯ ಬೈಪಾಸ್

ಇದು ಮಂಡ್ಯ ಸ್ಟೇಷನ್. ಬುಧವಾರ ಮಧ್ಯಾಹ್ನ. ನೀಲಿ ಜೆರ್ಸಿಯವನು ನನ್ನ ಚಿಕ್ಕಪ್ಪನ ಮಗ. ಕ್ಯಾಮೆರಾ ಕಂಡರೆ ಅವನಿಗೆ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೆ ಇವತ್ತು ಪೂರ್ತಿ ನನ್ನದೇ ಮಾತು. ಬೆಂಗಳೂರಿಗೆ ಹೊರಟಿದ್ದೇವೆ, ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಪಂದ್ಯ ನೋಡೋಕೆ. ಶುರುವಾಗುವುದು ಏಳೂವರೆಗೆ. ಈ ಏಳೂವರೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ವಡೆ ಬಂತು. ಮದ್ದೂರು ಇನ್ನೂ ಬಂದಿಲ್ಲ, ವಡೆ ಮೊದಲೇ ಬಂತು. ಬಿಸಿ ಇಲ್ಲ, ಆದರೆ ಅಂಚು ಗರಿಗರಿ ಇದೆ, ಈರುಳ್ಳಿ ಜಾಸ್ತಿ ಹಾಕಿದ್ದಾರೆ. ಇನ್ನೊಂದು ತಗೊಳ್ಳಬಹುದಿತ್ತು.

ರೈಲಲ್ಲಿ ಟೈಮ್ ಇದೆ, ಒಂದು ವಿಷಯ ಹೇಳುತ್ತೇನೆ. 2018ರ ಜೂನ್. ಮುಂಬೈನಲ್ಲಿ ಭಾರತಕ್ಕೂ ಚೈನೀಸ್ ತೈಪೆಗೂ, ಅಂದರೆ ತೈವಾನ್ ತಂಡಕ್ಕೂ ಪಂದ್ಯ. ನಮ್ಮ ಆಗಿನ ಕ್ಯಾಪ್ಟನ್ ಸುನಿಲ್ ಛೆಟ್ರಿ ಮೂರು ಗೋಲ್ ಹೊಡೆದರು, ನಾವು 5-0 ಗೆದ್ದೆವು. ಸ್ಟೇಡಿಯಂನಲ್ಲಿ ಇದ್ದವರು 2,569 ಜನ. ನಮ್ಮ ಕಡೆ ಒಂದು ಊರಹಬ್ಬಕ್ಕೆ ಅದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಛೆಟ್ರಿ ಆಮೇಲೆ ಒಂದು ವಿಡಿಯೋ ಹಾಕಿದರು. ನಮ್ಮನ್ನು ಬೈಯಿರಿ, ತಪ್ಪು ಹೇಳಿ, ಆದರೆ ಸ್ಟೇಡಿಯಂಗೆ ಬಂದು ಹೇಳಿ ಅನ್ನುವುದೇ ಅದರ ತಿರುಳು. ಮುಂದಿನ ಪಂದ್ಯ ಕೀನ್ಯಾ ಮೇಲೆ, ಛೆಟ್ರಿಯ ನೂರನೇ ಪಂದ್ಯ. ಒಂದು ಟಿಕೆಟ್ ಕೂಡ ಉಳಿಯಲಿಲ್ಲ. ನನಗೆ ಅನ್ನಿಸುವುದು, ಜನಕ್ಕೆ ಕರೆ ಬೇಕು. ಕರೆದರೆ ಬರುತ್ತಾರೆ.

ಬಂತು, ಕಂಠೀರವ. ಇದು ವೆಸ್ಟ್ ಬ್ಲಾಕ್, ಬೆಂಗಳೂರು ಅಭಿಮಾನಿಗಳು ಹಾಡುತ್ತಾ ನಿಲ್ಲುವ ಸ್ಟ್ಯಾಂಡ್. ಡ್ರಮ್ ಸದ್ದು ಮೈಕ್‌ನಲ್ಲಿ ಒಡೆಯುತ್ತಿದೆ, ಸ್ವಲ್ಪ ಕಮ್ಮಿ ಮಾಡಿದ್ದೇನೆ. ಸುತ್ತ ಓಟದ ಟ್ರ್ಯಾಕ್ ಇದೆ, ಅದರಿಂದ ಆಟಗಾರರು ದೂರ. ಆದರೂ ಇಲ್ಲಿ ನಿಂತರೆ ಎದೆ ನಡುಗುತ್ತದೆ, ಟಿವಿಯಲ್ಲಿ ಅದು ಸಿಗುವುದಿಲ್ಲ. ಈಗ ಎದುರಿನ ಸ್ಟ್ಯಾಂಡ್ ನೋಡಿ. ಜನಕ್ಕಿಂತ ಸೀಟೇ ಜಾಸ್ತಿ ಕಾಣುತ್ತಿದೆ. ಇದೇ ಸ್ಟೇಡಿಯಂನಲ್ಲಿ 2023ರ ಜುಲೈ 4ರಂದು ಸ್ಯಾಫ್, ಅಂದರೆ ದಕ್ಷಿಣ ಏಷ್ಯಾ ಟೂರ್ನಿಯ ಫೈನಲ್ ಆಯಿತು. ಭಾರತ ಕುವೈತ್ ಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದ ರಾತ್ರಿ. ಅವತ್ತು ಕಾಲಿಡಲು ಜಾಗ ಇರಲಿಲ್ಲ. ಫೈನಲ್ ಅಂದರೆ ಹೇಗಾದರೂ ಬರುತ್ತಾರೆ ಬಿಡಿ. ಇಂಥ ಸಾಮಾನ್ಯ ಬುಧವಾರ ಬರುವುದೇ ಕಷ್ಟ.

ಪಂದ್ಯದ ಕ್ಲಿಪ್ ಹಾಕಲ್ಲ, ಕಾಪಿರೈಟ್ ಬರುತ್ತದೆ.

ಈ ಶಾಟ್ ನೋಡಿ. 82ನೇ ನಿಮಿಷ. ಒಬ್ಬರು ಮಗಳ ಕೈ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಾರೆ. ಆ ಪಾಪು ಒಂದೊಂದು ಮೆಟ್ಟಿಲಿಗೂ ತಿರುಗಿ ಮೈದಾನ ನೋಡುತ್ತಿದೆ. ಯಾಕೆ ಸರ್, ಈಗಲೇ ಹೊರಟಿರಿ ಅಂತ ಕೇಳಿದೆ. "ರಾಮನಗರಕ್ಕೆ ಹೋಗಬೇಕು ಅಣ್ಣ, ಟ್ರೈನ್ ಹೋಗ್ಬಿಡುತ್ತೆ" ಅಂದರು. ಆಟ ಇನ್ನೂ ಸಮಬಲದಲ್ಲಿತ್ತು. ನನಗೆ ತುಂಬಾ ಬೇಜಾರಾಯಿತು. ಕರೆದದ್ದಕ್ಕೆ ಬಂದವರೇ ಅಲ್ವಾ ಅವರು? ಕರೆದರೆ ಸಾಕು ಅಂದೆನಲ್ಲ, ಸಾಲದು. ವಾಪಸ್ ಕಳಿಸುವ ದಾರಿಯೂ ಬೇಕು.

ಟಿವಿಯಿಂದಲೇ ಸ್ಟೇಡಿಯಂ ಖಾಲಿಯಾಯಿತು ಅಂತ ಹಳೇ ವಿಡಿಯೋದಲ್ಲಿ ಹೇಳಿದ್ದೆ. ಆ ಮಾತನ್ನೂ ವಾಪಸ್ ತಗೊಳ್ಳುತ್ತೇನೆ. ಇಂಗ್ಲೆಂಡ್‌ನಲ್ಲಿ 1948-49ರ ಲೀಗ್ ಪಂದ್ಯಗಳಿಗೆ ಒಟ್ಟು 4 ಕೋಟಿಗಿಂತ ಜಾಸ್ತಿ ಜನ ಬಂದಿದ್ದರು. 1985-86ಕ್ಕೆ ಅದು ಸುಮಾರು 1.65 ಕೋಟಿಗೆ ಇಳಿಯಿತು. ಹಳೇ ಸ್ಟೇಡಿಯಂ, ಹೊಡೆದಾಟ, ಮಕ್ಕಳನ್ನು ಕರೆದುಕೊಂಡು ಹೋಗಲು ಭಯ. 1989ರಲ್ಲಿ ಅಲ್ಲಿನ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ದುರಂತ ಆಯಿತು, ನೂಕುನುಗ್ಗಲಲ್ಲಿ ಸಿಕ್ಕಿ 97 ಜನ ತೀರಿಕೊಂಡರು. ಆಮೇಲೆ ದೊಡ್ಡ ಸ್ಟೇಡಿಯಂಗಳಲ್ಲಿ ನಿಲ್ಲುವ ಜಾಗ ತೆಗೆದು ಸೀಟು ಹಾಕಿದರು, ಸುರಕ್ಷತೆ ಬಿಗಿ ಮಾಡಿದರು. ಟಿವಿ ಲೈವ್ ಜಾಸ್ತಿಯಾದ ಕಾಲದಲ್ಲೇ ಜನವೂ ವಾಪಸ್ ಬಂದರು. ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ 81 ಸಾವಿರ ಜನ ಹಿಡಿಸುವ ಸ್ಟೇಡಿಯಂ ತುಂಬುತ್ತದೆ. ಒಂದು ಸ್ಟ್ಯಾಂಡ್‌ನಲ್ಲೇ ಸುಮಾರು 25 ಸಾವಿರ ಜನ ನಿಂತು ನೋಡುತ್ತಾರೆ, ಆ ಟಿಕೆಟ್ ಕಮ್ಮಿ ಬೆಲೆಗೆ ಸಿಗುತ್ತದೆ. ಇನ್ನೂ ಒಳ್ಳೆಯದು ಹೇಳುತ್ತೇನೆ ಕೇಳಿ. ಅಲ್ಲಿ ಪಂದ್ಯದ ಟಿಕೆಟ್ಟೇ ಆ ದಿನದ ಲೋಕಲ್ ಬಸ್, ಲೋಕಲ್ ರೈಲಿಗೂ ಪಾಸ್. ಐಪಿಎಲ್ ಇದ್ದಾಗ ನಮ್ಮ ಮೆಟ್ರೋ ಕೂಡ ತಡರಾತ್ರಿವರೆಗೆ ಓಡುತ್ತದೆ, ಅಂದರೆ ಮನಸ್ಸು ಮಾಡಿದರೆ ಇಲ್ಲೂ ಆಗುತ್ತದೆ. ಆದರೆ ಮೆಟ್ರೋ ಮೈಸೂರು ರೋಡ್ ತನಕ ತಂದುಬಿಡುತ್ತದೆ, ಮುಂದೆ?

ಮುಂದೆ ಇದು. ಬಸ್ಸು. ಹತ್ತುವಾಗಲೇ ಕೇಳಿದೆ, ಮಂಡ್ಯ ಹೋಗುತ್ತಾ ಅಂತ. ಹೂಂ, ಹತ್ತಿ ಅಂದರು. ಟಿಕೆಟ್ ಮಾತ್ರ ಮೈಸೂರಿನದೇ ಹರಿದರು. ಕೇಳಿದರೆ, ನಾನ್‌ಸ್ಟಾಪ್, ಎಲ್ಲಿ ಇಳಿದರೂ ಅದೇ ರೇಟು. ಆಯಿತು ಅಂತ ಕೊಟ್ಟೆ. ಮದ್ದೂರು ದಾಟಿದ ಮೇಲೆ ಕಂಡಕ್ಟರ್ ಬಂದು, "ಊರೊಳಕ್ಕೆ ಹೋಗಲ್ಲ, ಬೈಪಾಸ್‌ನಲ್ಲೇ ಇಳ್ಕೊಳ್ಳಿ" ಅಂದರು. ಹನ್ನೆರಡು ಗಂಟೆ ಹತ್ತು ನಿಮಿಷ. ನೋಡಿ, ಕತ್ತಲು. ಆ ಕಡೆ ಕಬ್ಬಿನ ಗದ್ದೆ, ಈ ಕಡೆ ಬೇಲಿ, ಬೇಲಿ ಆಚೆ ಸರ್ವಿಸ್ ರೋಡ್. ಊರಿನ ದೀಪ ದೂರದಲ್ಲಿ ಮಿನುಗುತ್ತಿವೆ. ಫೋನ್ ಬ್ಯಾಟರಿ ಆರು ಪರ್ಸೆಂಟ್, ಅದರಲ್ಲೇ ಟಾರ್ಚ್. ಒಂದು ಲಾರಿ ಹೋದರೆ ನೆಲ ನಡುಗುತ್ತದೆ. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದಾಗ ನಾನೂ ಖುಷಿಪಟ್ಟವನೇ. ಬೆಂಗಳೂರು ಹತ್ತಿರವಾಯಿತು, ನಿಜ. ಮಂಡ್ಯದ ಬಸ್‌ಸ್ಟ್ಯಾಂಡ್ ದೂರವಾಯಿತು. ಮುಕ್ಕಾಲು ಗಂಟೆ ನಡೆದ ಮೇಲೆ ಆಟೋ ಸಿಕ್ಕಿತು. "ಮುನ್ನೂರು ಆಯ್ತದೆ ಅಣ್ಣ" ಅಂದ. ಹೋಗುವಾಗ ನಮ್ಮಿಬ್ಬರ ರೈಲು ಟಿಕೆಟ್‌ಗಿಂತ ಜಾಸ್ತಿ. ಅವನನ್ನು ಬೈಯೋಕೆ ಮನಸ್ಸು ಬರಲಿಲ್ಲ, ಅಷ್ಟು ಹೊತ್ತಲ್ಲಿ ಬಂದನಲ್ಲ.

ಆ ಪಾಪುವಿಗೂ ಹೀಗಾಗಬಾರದು ಅಂತಲೇ ಅವರಪ್ಪ ಎಂಟು ನಿಮಿಷ ಮೊದಲೇ ಎದ್ದಿದ್ದು. ಸರಿಯಾಗಿಯೇ ಮಾಡಿದರು. ವಾರದ ದಿನದ ಪಂದ್ಯವನ್ನು ಆರು ಗಂಟೆಗೆ ಇಡಲಿ, ಇಲ್ಲ ರಾತ್ರಿ ಊರೊಳಗೆ ಬರುವ ಒಂದು ಬಸ್ಸು ಬಿಡಲಿ. ಅದಾಗದೆ ಎಷ್ಟು ಪೋಸ್ಟರ್ ಅಂಟಿಸಿದರೂ ಮಂಡ್ಯ, ಮದ್ದೂರು, ಚನ್ನಪಟ್ಟಣದ ಜನ ಎರಡನೇ ಸಲ ಬರುವುದಿಲ್ಲ.

ಇದು ನಮ್ಮ ಬೀದಿ. ಅವ್ವ ಎದ್ದೇ ಇದ್ದಾರೆ, ಲೈಟ್ ಉರಿಯುತ್ತಿದೆ. "ಗೆದ್ರಾ?" ಅಂತ ಒಳಗಿಂದಲೇ ಕೇಳುತ್ತಿದ್ದಾರೆ. ಎರಡು ಪರ್ಸೆಂಟ್ ಉಳಿದಿದೆ. ಮುಂದಿನ ಭಾನುವಾರ ಐದು ಗಂಟೆಗೆ ಪಂದ್ಯ ಇದೆ, ಬರುವವರು ಕೆಳಗೆ ಬರೆಯಿರಿ, ಒಟ್ಟಿಗೆ ಒಂದು ಗಾಡಿ ಮಾಡೋಣ. ಬಾಗಿಲು ತೆಗೆದರು, ಇಡುತ್ತೇನೆ.