ಸೂರ್ಯನ 'ರ' ಹಿಂದಿನ ಸೀಟಿಗೆ ಹೋಗೋದ್ಯಾಕೆ?

ನಮಸ್ಕಾರ, ಹಾಸನದಿಂದ ಮಾತಾಡ್ತಿದ್ದೀನಿ. ಹೋದ ವಾರ ಬೇಲೂರಿನಿಂದ ನಮ್ಮ ದೊಡ್ಡಮ್ಮ ಫೋನ್ ಮಾಡಿದ್ರು. "ಸಂಘದ ಗ್ರೂಪಿಗೆ ಮೆಸೇಜ್ ಹಾಕ್ತಿದ್ದೆ ಕಣೋ. 'ಸ್ತ್ರೀ' ಬರೆಯೋಕೆ ಹೋಗಿ 'ಸ್ತ್ರಿ' ಆಯ್ತು. ಅಳಿಸಿದ್ರೆ ಅಕ್ಷರ ಒಂದೇ ಸಲಕ್ಕೆ ಹೋಗಲ್ಲ, ಚೂರು ಚೂರೇ ಉದುರುತ್ತೆ. ಫೋನ್ ಕೆಟ್ಟಿದ್ಯಾ?"

ಕೆಟ್ಟಿಲ್ಲ ದೊಡ್ಡಮ್ಮ. ಕಣ್ಣಿಗೆ ಒಂದಾದ ಆ ಅಕ್ಷರ ಫೋನಿಗೆ ಆರು.

[ಸ್ಕ್ರೀನ್ ಮೇಲೆ ಒಂದೊಂದಾಗಿ: ಸ, ಕೊಕ್ಕೆ, ತ, ಕೊಕ್ಕೆ, ರ, ಗುಣಿತ]

ಕೊಕ್ಕೆ ಅಂದ್ರೆ 'ಸ'ವನ್ನ 'ಸ್' ಮಾಡುತ್ತಲ್ಲ, ಆ ಚಿಹ್ನೆ. ಯೂನಿಕೋಡ್ ಅಂದ್ರೆ ಬೇರೆ ಬೇರೆ ಭಾಷೆಯ ಅಕ್ಷರಗಳಿಗೆ ಸಂಖ್ಯೆ ಕೊಡೋ ಪಟ್ಟಿ. ಅದರಲ್ಲಿ ಕನ್ನಡಕ್ಕೆ 128 ಜಾಗ ಇಟ್ಟಿದ್ದಾರೆ. ಒಂದೊಂದು ಅಕ್ಷರಕ್ಕೂ, ಗುಣಿತಕ್ಕೂ, ಕೊಕ್ಕೆಗೂ ಒಂದೊಂದು ಸಂಖ್ಯೆ. ಒತ್ತಕ್ಷರಗಳಿಗೆ ಬೇರೆ ಸಂಖ್ಯೆ ಇಲ್ಲ, ಕೊಕ್ಕೆ ನೋಡಿ ಫಾಂಟೇ ಜೋಡಿಸುತ್ತೆ. 'ಹಾಸನ' ಮೂರು ಅಕ್ಷರ, ನಾಲ್ಕು ಸಂಖ್ಯೆ. 'ಚಿಕ್ಕಮಗಳೂರು' ಆರು ಅಕ್ಷರ, ಹನ್ನೊಂದು ಸಂಖ್ಯೆ!

ಈಗ ನನಗೆ ತುಂಬಾ ಇಷ್ಟದ ಜಾಗಕ್ಕೆ ಬರ್ತೀನಿ. ನಿಮ್ಮ ಫೋನ್ ತಗೊಂಡು 'ಸೂರ್ಯ' ಅಂತ ಬರೀರಿ, ನಿಧಾನಕ್ಕೆ. 'ಸೂ' ಬಂತು. 'ರ' ಒತ್ತಿ. ಕೊಕ್ಕೆ ಹಾಕಿ, 'ರ್' ಆಯ್ತು. ಈಗ 'ಯ' ಒತ್ತಿ, ಕಣ್ಣು ಮಿಟುಕಿಸಬೇಡಿ. ಮುಂದಿದ್ದ 'ರ' ಮಾಯ! 'ಯ' ಮುಂದೆ ಬಂತು, 'ರ' ಅರ್ಕಾವೊತ್ತಾಗಿ ಅದರ ಹಿಂದೆ ಹೋಗಿ ಕೂತ್ಕೊಳ್ತು.

ಹಾಸನದಿಂದ ಬೆಳಿಗ್ಗೆ ಹೊರಡೋ ಬಸ್ಸು ನೆನಪು ಮಾಡ್ಕೊಳ್ಳಿ. ಮೊದಲು ಹತ್ತಿದವರು ಬಾಗಿಲ ಹತ್ರನೇ ನಿಂತಿರ್ತಾರೆ. ಇನ್ನೊಬ್ಬರು ಹತ್ತಿದ ತಕ್ಷಣ ಕಂಡಕ್ಟರ್ "ಹಿಂದಕ್ಕೆ ಹೋಗಿ, ಹಿಂದಕ್ಕೆ ಹೋಗಿ" ಅಂತಾರೆ. ನಮ್ಮ 'ರ'ನೂ ಹಾಗೇ. ಹಿಂದಿನ ಸೀಟಿಗೆ ಹೋದ್ರೂ ಮೊದಲ ಟಿಕೆಟ್ ಅದರದ್ದೇ, ಯಾಕಂದ್ರೆ ಬಾಯಲ್ಲಿ ನಾವು ಮೊದಲು ಹೇಳೋದು 'ರ್', ಆಮೇಲೆ 'ಯ'. ಫೋನ್ ಉಚ್ಚಾರಣೆಯ ಸಾಲನ್ನೇ ಇಟ್ಕೊಂಡಿರುತ್ತೆ. ಈಗ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ. 'ಯ' ಇಳೀತು, 'ರ್' ತನ್ನ ಹಳೇ ಜಾಗಕ್ಕೆ ವಾಪಸ್! ಎಷ್ಟು ಸಲ ನೋಡಿದ್ರೂ ನನಗೆ ಬೇಜಾರಾಗಲ್ಲ.

ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳು ಅಕ್ಷರದ ಬದಲು ಆಕಾರದ ತುಂಡುಗಳನ್ನ ಉಳಿಸ್ತಿದ್ವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ್ರೆ ಮದುವೆ ಪತ್ರಿಕೆ ಕೂಡ ಕಲಸುಮೇಲೋಗರ. ಈಗ ನೀವು ಯಾವ ಕೀಬೋರ್ಡಲ್ಲಿ ಬರೆದ್ರೂ 'ಸೂರ್ಯ'ದ ಒಳಗಿನ ಸಾಲು ಒಂದೇ. ಹುಡುಕಿದ್ರೆ ಸಿಗೋದು ಅದಕ್ಕೇ.

ನನ್ನ ತಕರಾರು ಕರ್ಸರ್ ಬಗ್ಗೆ. ಬ್ಯಾಕ್‌ಸ್ಪೇಸ್ ಅಕ್ಷರದ ಒಳಗೆ ಹೋಗುತ್ತೆ, ಕರ್ಸರ್ ಸಾಮಾನ್ಯವಾಗಿ ಹೋಗಲ್ಲ. 'ಸ್ತ್ರೀ'ಯಲ್ಲಿ ನಡುವಿನ 'ತ' ಒಂದೇ ತಪ್ಪಿದ್ರೂ ಅದರ ಮುಂದಿನದ್ದೆಲ್ಲಾ ಅಳಿಸಿ ಮತ್ತೆ ಬರೀಬೇಕು. ಒತ್ತಕ್ಷರ ಇಲ್ಲದೆ ಕನ್ನಡದಲ್ಲಿ ಒಂದು ಸಾಲು ಬರೆಯೋದೇ ಕಷ್ಟ. ಕೀಬೋರ್ಡ್ ಮಾಡೋರು ಇದನ್ನ ಸರಿಮಾಡಲೇಬೇಕು.

ಟೈಮ್ ಆಗ್ತಾ ಬಂತು, ಉಳಿದಿದ್ದು ಬೇಗ ಹೇಳಿಬಿಡ್ತೀನಿ. ಇಂಗ್ಲಿಷಿನ 26 ಕೀಗಳ ಜಾಗಕ್ಕೆ ನಮ್ಮ 49 ಅಕ್ಷರ, ಮೇಲೆ ಗುಣಿತ. ಇನ್‌ಸ್ಕ್ರಿಪ್ಟ್ ಅನ್ನೋ ಕೀಬೋರ್ಡ್ ವಿನ್ಯಾಸ ಸ್ವರಗಳನ್ನ ಎಡಕ್ಕೆ, ವ್ಯಂಜನಗಳನ್ನ ಬಲಕ್ಕೆ ಇಟ್ಟಿದೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ 'ಕೆ' ಒತ್ತಿದ್ರೆ 'ಕ', ಶಿಫ್ಟ್ ಹಿಡಿದ್ರೆ 'ಖ', ಕೊಕ್ಕೆಗೆ 'ಎಫ್'. ಐಐಟಿ ಬಾಂಬೆಯ ಸ್ವರಚಕ್ರ ಅನ್ನೋ ಫೋನ್ ಕೀಬೋರ್ಡಲ್ಲಿ ವ್ಯಂಜನ ಮುಟ್ಟಿದ್ರೆ ಅದರ ಗುಣಿತಗಳು ಸುತ್ತಲೂ ಚಕ್ರದ ಹಾಗೆ ಅರಳ್ತವೆ. ಕಾಗುಣಿತ ಕಲಿತ ಕೈಗೆ ಅದು ಬೇಗ ಹತ್ತುತ್ತೆ ಅಂತ ನನ್ನ ಅನಿಸಿಕೆ. ಟ್ಯಾಬ್ಲೆಟಲ್ಲಿ ಅಷ್ಟು ಜಾಗ ಇದೆಯಲ್ಲ, ಅಲ್ಲಾದ್ರೂ ಅಲ್ಪಪ್ರಾಣ, ಮಹಾಪ್ರಾಣ ಎರಡನ್ನೂ ಶಿಫ್ಟ್ ಇಲ್ಲದೆ ಅಕ್ಕಪಕ್ಕ ಇಡಬಹುದು.

ದೊಡ್ಡಮ್ಮ, ನಿಮ್ಮ 'ಸ್ತ್ರಿ' ಪೂರ್ತಿ ಅಳಿಸಬೇಡಿ. ಬ್ಯಾಕ್‌ಸ್ಪೇಸ್ ಒಂದೇ ಸಲ ಒತ್ತಿ, ಗುಡಿಸು ಮಾತ್ರ ಹೋಗುತ್ತೆ. ಅಲ್ಲೇ ದೀರ್ಘದ ಗುಣಿತ ಹಾಕಿ, ಗ್ರೂಪಿಗೆ ಕಳಿಸಿ.