ಬೆನ್ನಿನ ‘ಟಕ್’ ಶಬ್ದವೂ ಜಾರದ ಡಿಸ್ಕೂ

[ದೃಶ್ಯ: ಕಾರವಾರದ ಬೈತಖೋಲ ಬಂದರು, ಬೆಳಗಿನ ಹೊತ್ತು]

ನಮಸ್ಕಾರ. ಕಳೆದ ವಾರ ಇದೇ ಕಟ್ಟೆಯ ಮೇಲೆ ಮೀನಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಒಂದು ಕೈಯನ್ನು ಸೊಂಟಕ್ಕೆ ಆನಿಸಿಕೊಂಡು ಕುಳಿತಿದ್ದ ಅಕ್ಕನೊಬ್ಬರು ತಮ್ಮ ಮೊಬೈಲಿನಲ್ಲಿ ನನಗೊಂದು ವಿಡಿಯೋ ತೋರಿಸಿದರು. ಮಗ್ಗುಲಾಗಿ ಮಲಗಿದ್ದವನ ಸೊಂಟವನ್ನು ಕೈರೋಪ್ರಾಕ್ಟರ್ ತಿರುಚಿ ಒತ್ತಿದೊಡನೆ ‘ಟಕ್’ ಎಂದಿತು. “ತಮ್ಮಾ, ಹೀಗೆ ಮಾಡಿದ್ರೆ ನನ್ನ ಡಿಸ್ಕೂ ಒಳಗೆ ಹೋಗ್ತದಾ?” ಎಂದು ಅವರು ಕೇಳಿದರು.

ಕೈರೋಪ್ರಾಕ್ಟಿಕ್ ಎಂದರೆ ಅಮೆರಿಕದ ಅಯೋವಾ ರಾಜ್ಯದಲ್ಲಿ 1895ರಲ್ಲಿ ಡೇನಿಯಲ್ ಡೇವಿಡ್ ಪಾಮರ್ ಆರಂಭಿಸಿದ, ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಒತ್ತಿ ಸಡಿಲಿಸುವ ಪದ್ಧತಿ. ಆ ಶಬ್ದ ಹುಟ್ಟುವುದು ಡಿಸ್ಕಿನಲ್ಲಲ್ಲ, ಕೀಲಿನಲ್ಲಿ. ಕೀಲಿನ ಎರಡು ಮೈಗಳು ಥಟ್ಟನೆ ದೂರವಾದಾಗ ನಡುವಿನ ದ್ರವದಲ್ಲಿ ಅನಿಲದ ಗುಳ್ಳೆಯೊಂದು ತೆರೆದುಕೊಳ್ಳುತ್ತದೆ. ಬೆರಳಿನ ನೆಟಿಗೆ ತೆಗೆದಾಗ ಆಗುವುದೂ ಇದೇ ಎಂಬುದನ್ನು 2015ರಲ್ಲಿ ಕೆನಡಾದ ಸಂಶೋಧಕರು ಎಂಆರ್‌ಐ ಯಂತ್ರದೊಳಗೇ ಸೆರೆಹಿಡಿದರು.

ಇನ್ನು ಡಿಸ್ಕ್, ಅಂದರೆ ಬೆನ್ನಿನ ಒಂದೊಂದು ಮೂಳೆಯ ನಡುವೆ ಇರುವ ಮೆತ್ತೆ. ‘ಡಿಸ್ಕ್ ಜಾರಿದೆ’ ಎನ್ನುವುದು ನಮ್ಮ ರೂಢಿಯಾದರೂ, ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುವ ಅದು ಜಾರುವುದೇ ಇಲ್ಲ.

[ದೃಶ್ಯ: ಬುಟ್ಟಿಯ ಹೆಣಿಗೆ, ಹತ್ತಿರದಿಂದ]

ಈ ಬುಟ್ಟಿಯನ್ನು ನೋಡಿ: ಒಂದು ಸೀಳು ಹೀಗೆ ಓರೆ, ಮತ್ತೊಂದು ಅದಕ್ಕೆ ಎದುರಾಗಿ ಓರೆ. ಡಿಸ್ಕಿನ ಹೊರಸುತ್ತಿನ ನಾರುಗಳೂ ಪದರದಿಂದ ಪದರಕ್ಕೆ ಹೀಗೆಯೇ ದಿಕ್ಕು ಬದಲಿಸುತ್ತವೆ. ಒಳಗಿರುವುದು ಎಳನೀರಿನ ಗಂಜಿಯಂಥ ಮೆದು ತಿರುಳು. ಹೆಣಿಗೆ ಸಡಿಲವಾದೆಡೆಯಲ್ಲಿ ಆ ತಿರುಳು ಹೊರಚಾಚಿ ನರಕ್ಕೆ ತಾಗಿದಾಗ ನೋವು ಪೃಷ್ಠದಿಂದ ಕಾಲಿನವರೆಗೆ ಇಳಿಯುತ್ತದೆ.

ಇಲ್ಲಿಂದ ಮುಂದಿನದು ನನ್ನನ್ನು ಬಹಳ ದಿನ ಕಾಡಿದ ಸಂಗತಿ. ರಕ್ತನಾಳಗಳಿಲ್ಲದ ಆ ತಿರುಳು ಒಳಗಿರುವಷ್ಟು ಕಾಲ ದೇಹದ ರಕ್ಷಣಾ ಕೋಶಗಳಿಗೆ ಅದರ ಪರಿಚಯವೇ ಇರುವುದಿಲ್ಲ. ಹೊರಬಿದ್ದ ಕೂಡಲೇ ಅವು ಅದನ್ನು ಪರಕೀಯ ವಸ್ತುವೆಂದು ಬಗೆದು, ಮುತ್ತಿಕೊಂಡು, ತಿಂದು ಕರಗಿಸತೊಡಗುತ್ತವೆ. ಹಾಗಾಗಿ ಹೆಚ್ಚು ಹೊರಬಂದದ್ದೇ ಹೆಚ್ಚು ಕರಗುತ್ತದೆ! ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ತಿರುಳಿನ ತುಂಡು ಪೂರ್ತಿ ಕಳಚಿ ಬಿದ್ದವರಲ್ಲಿ ಶೇ. 96 ಮಂದಿಗೆ ಅದು ತಾನಾಗಿ ಕುಗ್ಗಿತ್ತು. ಡಿಸ್ಕ್ ಬರೀ ಉಬ್ಬಿದವರಲ್ಲಿ ಹಾಗಾದದ್ದು ಶೇ. 13 ಮಂದಿಗೆ ಮಾತ್ರ. ವರದಿಯಲ್ಲಿ ‘ತುಂಡು ಕಳಚಿದೆ’ ಎಂದು ಓದಿ ರಾತ್ರಿಯಿಡೀ ನಿದ್ದೆಗೆಟ್ಟವರು ಇದನ್ನು ತಿಳಿಯಲೇಬೇಕು. ಈ ಕರಗುವಿಕೆಗೆ ಹಲವು ತಿಂಗಳು ಬೇಕು. ನಡುವೆ ಬೆನ್ನು ಒತ್ತಿಸಿಕೊಂಡವರು ವಾಸಿಯಾದದ್ದರ ಕೀರ್ತಿಯನ್ನೆಲ್ಲ ಆ ಶಬ್ದಕ್ಕೇ ಕೊಡುತ್ತಾರೆ.

ಹಾಗೆಂದು ಚಿಕಿತ್ಸೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಹೊಸದಾಗಿ ಸೊಂಟ ಹಿಡಿದಾಗ ಬಿಸಿ ಶಾಖ, ಮಸಾಜುಗಳ ಜೊತೆಗೆ ಬೆನ್ನುಮೂಳೆಯನ್ನು ಕೈಯಿಂದ ಸಡಿಲಿಸುವುದನ್ನೂ ಅಮೆರಿಕದ ವೈದ್ಯರ ಸಂಘವೊಂದರ 2017ರ ಮಾರ್ಗಸೂಚಿ ಒಪ್ಪಿದೆ. ಆದರೆ ಕಾಲಿಗಿಳಿಯುವ ನೋವಿಗೆ ಅದರ ಆಧಾರ ದುರ್ಬಲ. ಮೂಳೆ ಸವೆದವರೂ ವಯಸ್ಸಾದವರೂ ವೈದ್ಯರ ಪರೀಕ್ಷೆಗೆ ಮುಂಚೆ ಬೆನ್ನು ತಿರುಚಿಸಿಕೊಳ್ಳುವುದು ಅಪಾಯಕರ.

ಸಮಯ ಮುಗಿಯುತ್ತಿರುವುದರಿಂದ ಅಕ್ಕನಿಗೆ ಕೊನೆಯಲ್ಲಿ ಹೇಳಿದ್ದನ್ನಷ್ಟೇ ಹೇಳುತ್ತೇನೆ. ಮೂತ್ರ ಕಟ್ಟಿದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆಯತೊಡಗಿದರೆ, ಯಾರ ಕೈಯಲ್ಲೂ ಒತ್ತಿಸಿಕೊಳ್ಳದೆ, ಬೆಳಗಾಗಲೆಂದು ಕಾಯದೆ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು.